ಪ್ರಿಮ್‌ರೋಸ್‌ಗೆ ಎಲೆ ಜಾಸ್ತಿ, ಹೂವಿಲ್ಲ: ಬೆಳಕು, ತಾಪಮಾನದಲ್ಲಿ ತಪ್ಪು ಹುಡುಕುವ ಬಗೆ

ಇಂಗ್ಲೆಂಡ್, ಜರ್ಮನಿ, ನೆದರ್ಲೆಂಡ್ಸ್ ಕಡೆ ಇರುವ ನಮ್ಮವರ ಮನೆಗಳಲ್ಲಿ ಜನವರಿ ಬಂತೆಂದರೆ ಈ ಗಿಡ ಕಾಣಿಸಿಕೊಳ್ಳುತ್ತದೆ. ಸೂಪರ್‌ಮಾರ್ಕೆಟ್ ಬಾಗಿಲಲ್ಲೇ ಟ್ರೇ ತುಂಬಾ ಜೋಡಿಸಿಟ್ಟು ಮಾರುವ ಪ್ರಿಮ್‌ರೋಸ್. ಹಳದಿ, ಕೆಂಪು, ನೀಲಿ, ಗುಲಾಬಿ. ಹೊರಗೆಲ್ಲ ಮೋಡ ಮುಸುಕಿರುವಾಗ ಆ ಬಣ್ಣ ನೋಡಿ ಒಂದೆರಡು ಕುಂಡ ತರದೆ ಬರುವುದು ಕಷ್ಟ. ತಂದು ಹಾಲ್‌ನ ಟೇಬಲ್ ಮೇಲೆ ಇಡುತ್ತೇವೆ. ಎರಡು ವಾರದಲ್ಲಿ ಹೂ ಬಾಡುತ್ತದೆ, ಎಲೆ ಉದ್ದವಾಗಿ ಜೋತುಬೀಳುತ್ತದೆ, ಹೊಸ ಮೊಗ್ಗಿನ ಸುಳಿವೇ ಇಲ್ಲ. ಆಗ ಜನ ನೀರು ಜಾಸ್ತಿ ಹಾಕುತ್ತಾರೆ, ಗೊಬ್ಬರ ಹಾಕುತ್ತಾರೆ, ಕುಂಡ ಬದಲಾಯಿಸುತ್ತಾರೆ.

ಹತ್ತರಲ್ಲಿ ಎಂಟು ಸಲ ತಪ್ಪು ಅಲ್ಲಿ ಇರುವುದೇ ಇಲ್ಲ. ಗಿಡ ಇಟ್ಟ ಜಾಗದ ಬಿಸಿ ಮತ್ತು ಬೆಳಕು ಒಂದಕ್ಕೊಂದು ಹೊಂದುತ್ತಿಲ್ಲ, ಅಷ್ಟೇ. ಪ್ರಿಮ್‌ರೋಸ್‌ನಲ್ಲಿ ಮೊಗ್ಗು ಕಟ್ಟಿಸುವುದು ಚಳಿ. ಕಟ್ಟಿದ ಮೊಗ್ಗನ್ನು ಚೆನ್ನಾಗಿ ಅರಳಿಸುವುದು ಬೆಳಕು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಲು ಕಲಿತರೆ ದೋಷ ಎಲ್ಲಿದೆ ಅಂತ ಗಿಡವೇ ತೋರಿಸುತ್ತದೆ.

ಗಿಡ ಬಂದದ್ದು ಎಲ್ಲಿಂದ

ಮೂಲ ಪ್ರಿಮ್‌ರೋಸ್, ಅಂದರೆ ಪ್ರಿಮುಲಾ ವಲ್ಗ್ಯಾರಿಸ್, ಯುರೋಪಿನ ಕಾಡಂಚಿನ ಗಿಡ. ಬೇಲಿಯ ಬದುಗಳಲ್ಲಿ, ಎಲೆ ಉದುರಿಸುವ ಮರಗಳ ಬುಡದಲ್ಲಿ ಬೆಳೆಯುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆ ಮರಗಳಲ್ಲಿ ಎಲೆ ಇರುವುದಿಲ್ಲ. ಗಾಳಿ ತಣ್ಣಗೆ, ಬೆಳಕು ನೇರವಾಗಿ ನೆಲಕ್ಕೆ. ಆಗಲೇ ಇದು ಹೂ ಬಿಟ್ಟು ಮುಗಿಸುತ್ತದೆ. ಬೇಸಿಗೆಯಲ್ಲಿ ಮರ ಚಿಗುರಿ ನೆರಳು ಕೊಟ್ಟಾಗ ಒದ್ದೆ ಮಣ್ಣಿನಲ್ಲಿ ಸುಮ್ನೆ ಎಲೆ ಬೆಳೆಸಿಕೊಂಡು ಇರುತ್ತದೆ. ತಣ್ಣಗಿರುವಾಗ ಬೆಳಕು, ಬಿಸಿ ಇರುವಾಗ ನೆರಳು.

ನಮ್ಮ ಹಾಲ್‌ನಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ಹೀಟರ್ ಹಾಕಿ 21 ಡಿಗ್ರಿ ಮಾಡಿರುತ್ತೇವೆ, ಬೆಳಕು ಮಾತ್ರ ಇಲ್ಲ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಗೆ ಹಗಲು 8 ಗಂಟೆಗೂ ಕಡಿಮೆ. ಮಧ್ಯಾಹ್ನವೂ ಸೂರ್ಯ ದಿಗಂತದಿಂದ 15 ಡಿಗ್ರಿ ಮಾತ್ರ ಮೇಲೇಳುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ ಹಗಲು 11 ಗಂಟೆಗೂ ಜಾಸ್ತಿ, ಸೂರ್ಯ 50 ಡಿಗ್ರಿಗೂ ಮೇಲೆ. ಊರಿನಲ್ಲಿ ಕಿಟಕಿ ಪಕ್ಕ ಏನಿಟ್ಟರೂ ಬೆಳೆಯುತ್ತಿತ್ತು ಎಂಬ ಅಂದಾಜು ಇಲ್ಲಿ ನಡೆಯುವುದಿಲ್ಲ.

ಬಿಸಿ ಹೆಚ್ಚಾದಷ್ಟೂ ಗಿಡ ತಾನು ಕೂಡಿಟ್ಟ ಸಕ್ಕರೆಯನ್ನು ಉಸಿರಾಟಕ್ಕೆ ಖರ್ಚು ಮಾಡುತ್ತದೆ. ಬೆಳಕು ಕಡಿಮೆಯಾದರೆ ಹೊಸ ಸಕ್ಕರೆ ತಯಾರಾಗುವುದೂ ಕಡಿಮೆ. ಸಂಬಳ ಅರ್ಧವಾದ ತಿಂಗಳು ಖರ್ಚನ್ನೂ ಅರ್ಧ ಮಾಡಿದರೆ ಮನೆ ನಡೆಯುತ್ತದೆ, ಅಲ್ವಾ? ತಣ್ಣನೆ ಜಾಗ ಗಿಡದ ಖರ್ಚು ಇಳಿಸುತ್ತದೆ. ಅದಕ್ಕೇ ಮಂದ ಬೆಳಕಿನಲ್ಲಿ 8 ಡಿಗ್ರಿಯಲ್ಲಿರುವ ಗಿಡ ಗಟ್ಟಿಯಾಗಿ ನಿಲ್ಲುತ್ತದೆ. ಅದೇ ಬೆಳಕಿನಲ್ಲಿ 21 ಡಿಗ್ರಿಯಲ್ಲಿರುವುದು ಸೊರಗುತ್ತದೆ.

ಪರೀಕ್ಷೆಗೆ ಮುಂಚೆ ಮೂರು ಕೆಲಸ

ಮೊದಲನೆಯದು, ನಿಮ್ಮ ಗಿಡ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಒಂದೊಂದು ಹೂವೂ ತನ್ನದೇ ಸಣ್ಣ ತೊಟ್ಟಿನಲ್ಲಿ ಬುಡದಿಂದಲೇ ಎದ್ದಿದ್ದರೆ ಅದು ಮಾಮೂಲಿ ಪ್ರಿಮ್‌ರೋಸ್. ಒಂದು ದಪ್ಪ ದಂಟು ಎದ್ದು ಅದರ ತುದಿಯಲ್ಲಿ ಗೊಂಚಲಾಗಿದ್ದರೆ ಪಾಲಿಆಂಥಸ್. ಇವೆರಡಕ್ಕೂ ಚಿಕಿತ್ಸೆ ಒಂದೇ. ತೆಳ್ಳನೆ ದಂಟಿನ ಮೇಲೆ ಅಂತಸ್ತು ಅಂತಸ್ತಾಗಿ ಚಿಕ್ಕ ಚಿಕ್ಕ ಹೂ ಇದ್ದರೆ ಅದು ಮಲಕಾಯ್ಡಿಸ್. ದುಂಡನೆಯ ದೊಡ್ಡ ರೋಮದ ಎಲೆ, ದೊಡ್ಡ ಗೊಂಚಲು ಇದ್ದರೆ ಆಬ್‌ಕೋನಿಕಾ. ಕೊನೆಯ ಎರಡರ ಲೆಕ್ಕ ಪೂರ್ತಿ ಬೇರೆ. ಮುಂದೆ ಹೇಳುತ್ತೇನೆ.

ಎರಡನೆಯದು, ಒಂದು ಮ್ಯಾಕ್ಸಿಮಮ್-ಮಿನಿಮಮ್ ಥರ್ಮಾಮೀಟರ್, ಅಂದರೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ತಾಪಮಾನ ಎರಡನ್ನೂ ಹಿಡಿದಿಡುವಂಥದು. ಗೋಡೆಯ ಥರ್ಮೋಸ್ಟಾಟ್ ತೋರಿಸುವ ಅಂಕಿ ಗಿಡದ ಅಂಕಿ ಅಲ್ಲ. ಕಿಟಕಿ ಕಟ್ಟೆಯ ಕೆಳಗೇ ರೇಡಿಯೇಟರ್ ಇದ್ದರೆ ಬಿಸಿ ಗಾಳಿ ನೇರ ಎಲೆಗೆ ಬಡಿಯುತ್ತದೆ. ರಾತ್ರಿ ಪರದೆ ಎಳೆದರೆ ಗಾಜು ಮತ್ತು ಪರದೆ ನಡುವೆ ಸಿಕ್ಕ ಗಿಡಕ್ಕೆ ಚಳಿ. ಥರ್ಮಾಮೀಟರನ್ನು ಎಲೆಯ ಮಟ್ಟದಲ್ಲಿ, ನೇರ ಬಿಸಿಲು ತಾಗದಂತೆ ಒಂದು ಕಾರ್ಡ್ ಅಡ್ಡ ಇಟ್ಟು, ಒಂದು ವಾರ ಬಿಡಿ. ದಿನಕ್ಕೊಂದು ಸಲ ಎರಡೂ ಅಂಕಿ ಬರೆದುಕೊಳ್ಳಿ. ರಾತ್ರಿಯ ಅಂಕಿ ಬಹಳ ಮುಖ್ಯ, ಏಕೆಂದರೆ ಚಳಿಗಾಲದಲ್ಲಿ ದಿನದ ಮೂರನೇ ಎರಡು ಭಾಗ ರಾತ್ರಿಯೇ.

ಮೂರನೆಯದು ಬೆಳಕು. ಫೋನಿನ ಲಕ್ಸ್ ಆ್ಯಪ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಪೂರ್ತಿ ನಿಖರವಲ್ಲ, ಆದರೆ ಒಂದು ಜಾಗವನ್ನು ಇನ್ನೊಂದಕ್ಕೆ ಹೋಲಿಸಲು ಧಾರಾಳ ಸಾಕು. ಕಿಟಕಿ ಗಾಜಿಗೆ ತಾಗಿಸಿ ಒಂದು ಸಲ, ಕೋಣೆಯೊಳಗೆ ಎರಡು ಮೀಟರ್ ಬಂದು ಒಂದು ಸಲ ಅಳೆಯಿರಿ. ನಮ್ಮ ಕಣ್ಣಿಗೆ ಎರಡೂ ಬೆಳಕೇ. ಮೀಟರಿಗೆ ಹಾಗಲ್ಲ. ಮೋಡದ ದಿನ ಹೊರಗೆ ಸಾವಿರಾರು ಲಕ್ಸ್ ಇರುವಾಗ ಕೋಣೆಯ ಮಧ್ಯದ ಟೇಬಲ್ ಮೇಲೆ ಕೆಲವೇ ನೂರು ಇರುತ್ತದೆ.

ಎಲೆ ಚೆನ್ನಾಗಿದೆ, ಹೂ ಮಾತ್ರ ಬರುತ್ತಿಲ್ಲ

ಜಾಸ್ತಿ ಜನ ಕೇಳುವ ತೊಂದರೆ ಇದು. ಬೀಜದಿಂದ ಬೆಳೆಸಿದವರು, ಕಳೆದ ವರ್ಷದ ಗಿಡ ಉಳಿಸಿಕೊಂಡವರು ಇಬ್ಬರೂ ಕೇಳುತ್ತಾರೆ. ಊಹೆ ಮಾಡುವ ಬದಲು ಗಿಡದ ನಡುವನ್ನು ಬಿಡಿಸಿ ನೋಡಿ.

ಕುಂಡವನ್ನು ಬೆಳಕಿಗೆ ತನ್ನಿ. ಎರಡೂ ಹೆಬ್ಬೆರಳಿನಿಂದ ಒಳಗಿನ ಎಲೆಗಳನ್ನು ಮೆಲ್ಲಗೆ ಹೊರಕ್ಕೆ ತಳ್ಳಿ. ತೀರಾ ನಡುವಿನಲ್ಲಿ ಇನ್ನೂ ಸುರುಳಿ ಬಿಚ್ಚದ, ಅಂಚು ಹಿಂದಕ್ಕೆ ಮಡಚಿದ ಪುಟ್ಟ ಎಲೆಗಳು ಕಾಣುತ್ತವೆ. ಅವುಗಳ ಬುಡದಲ್ಲಿ, ಮಣ್ಣಿನ ಮಟ್ಟಕ್ಕೇ, ಗುಂಡುಸೂಜಿ ತಲೆಯಷ್ಟು ದಪ್ಪದ ತಿಳಿಹಸಿರು ಗುಂಡುಗಳಿವೆಯೇ ನೋಡಿ. ಎಲೆಯಾದರೆ ಚಪ್ಪಟೆಯಾಗಿ, ನೆರಿಗೆ ನೆರಿಗೆಯಾಗಿ ಇರುತ್ತದೆ. ಮೊಗ್ಗಾದರೆ ದುಂಡಗೆ, ಮೇಲೆ ನವಿರಾದ ಬಿಳಿ ರೋಮ, ತುದಿಯಲ್ಲಿ ಐದು ಹಲ್ಲು ಕೂಡಿದ ಗುರುತು. ಭೂತಗನ್ನಡಿ ಇದ್ದರೆ ಇನ್ನೂ ಸುಲಭ. ಒಮ್ಮೆ ಈ ವ್ಯತ್ಯಾಸ ಕಣ್ಣಿಗೆ ಹಿಡಿದರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ.

ಗುಂಡುಗಳೇ ಇಲ್ಲ ಅಂದರೆ ದೋಷ ತಾಪಮಾನದ್ದು. ಗಿಡಕ್ಕೆ ಚಳಿ ಸಿಕ್ಕಿಲ್ಲ. ಪ್ರಿಮ್‌ರೋಸ್ 16-18 ಡಿಗ್ರಿಯಲ್ಲಿ ಎಲೆ ಮೇಲೆ ಎಲೆ ಬಿಡುತ್ತಾ ಹೋಗುತ್ತದೆ. ತಾಪಮಾನ 10 ಡಿಗ್ರಿಗಿಂತ ಕೆಳಗೆ ಇಳಿದು, ಹಾಗೇ ಆರೇಳು ವಾರ ನಿಂತರೆ ನಡುವಿನ ಸುಳಿ ಎಲೆ ಬಿಡುವುದನ್ನು ಕಡಿಮೆ ಮಾಡಿ ಮೊಗ್ಗಿನ ಕಡೆ ತಿರುಗುತ್ತದೆ. ನರ್ಸರಿಯವರು 4ರಿಂದ 7 ಡಿಗ್ರಿಯಲ್ಲಿ ಇಟ್ಟು ಇದನ್ನೇ ಮಾಡಿಸುತ್ತಾರೆ. ಬೇಗ ಹೂ ಬಿಡಲೆಂದೇ ಆಯ್ದ ಈಗಿನ ತಳಿಗಳಿಗೆ ಇಷ್ಟು ಚಳಿ ಬೇಡ, ಆದರೆ ತಣ್ಣಗಿನ ರಾತ್ರಿ ಅವಕ್ಕೂ ಬೇಕು. ಸೆಪ್ಟೆಂಬರ್‌ನಲ್ಲೇ ಗಿಡವನ್ನು ಪ್ರೀತಿಯಿಂದ ಮನೆಯೊಳಗೆ ತಂದಿಟ್ಟವರಿಗೆ ವಸಂತದಲ್ಲಿ ಹೂ ಸಿಗದಿರುವುದು ಇದಕ್ಕೇ. ಅಕ್ಟೋಬರ್, ನವೆಂಬರ್ ತಿಂಗಳು ಅದು ಹೊರಗೇ ಇರಬೇಕಿತ್ತು.

ಆದರೆ ಚಳಿ ಸಿಕ್ಕಿದರೂ ಮೊಗ್ಗಿಲ್ಲದೇ ಇರಬಹುದು. ಎಲೆ ಎಣಿಸಿ. ಆರೆಂಟು ಎಲೆಯೂ ಇಲ್ಲದ ಎಳೆ ಗಿಡ ಚಳಿಗೆ ಸಿಕ್ಕಿದ್ದರೆ ಅದು ಹೂವಿನ ಮಾತಿಗೆ ಬರುವುದಿಲ್ಲ, ಇನ್ನೂ ಮಗುವಾಗಿಯೇ ಇರುತ್ತದೆ. ಆಗಸ್ಟ್ ಕೊನೆಗೆ ಬೀಜ ಹಾಕಿ ನವೆಂಬರ್‌ನಲ್ಲಿ ಹೊರಗಿಟ್ಟರೆ ಆಗುವುದು ಇದು. ಆ ಗಿಡ ಹಾಳಲ್ಲ. ಒಂದು ಬೇಸಿಗೆ ಬೆಳೆಯಲು ಬಿಟ್ಟರೆ ಮುಂದಿನ ವರ್ಷ ಚೆನ್ನಾಗಿ ಹೂ ಬಿಡುತ್ತದೆ.

ಗುಂಡುಗಳು ಇವೆ, ಆದರೆ ವಾರಗಟ್ಟಲೆ ಹಾಗೇ ನಿಂತಿವೆ ಅಥವಾ ತುದಿ ಕಂದಾಗಿ ಒಣಗುತ್ತಿವೆ ಅಂದರೆ ಚಳಿಯ ಕೆಲಸ ಆಗಿದೆ, ಬೆಳಕಿನ ಕೆಲಸ ಆಗಿಲ್ಲ. ಮನೆಯ ಅತಿ ಬೆಳಕಿನ ಕಿಟಕಿಗೆ ತನ್ನಿ. ಡಿಸೆಂಬರ್, ಜನವರಿಯಲ್ಲಿ ಅದು ದಕ್ಷಿಣದ ಕಿಟಕಿ. ಆ ದಿನಗಳ ಬಿಸಿಲಿಗೆ ಎಲೆ ಸುಡುವ ಭಯ ಬೇಡ. ತಾಪಮಾನ 10ರಿಂದ 13 ಡಿಗ್ರಿ ಇರಲಿ. ಬೇಗ ಅರಳಲಿ ಅಂತ ಬಿಸಿ ಕೋಣೆಗೆ ತರಬೇಡಿ. ಬೆಳಕಿಲ್ಲದ ಬಿಸಿ ಮೊಗ್ಗನ್ನು ಅರಳಿಸುವ ಬದಲು ಎಲೆಯನ್ನು ಎಳೆಯುತ್ತದೆ, ಮೊಗ್ಗು ಒಳಗೇ ಸಾಯುತ್ತದೆ.

ಕಿಟಕಿ ಉತ್ತರಕ್ಕೇ ಇದ್ದರೆ ಎಲ್‌ಇಡಿ ಗ್ರೋ ಲೈಟ್ (ಗಿಡ ಬೆಳೆಸಲೆಂದೇ ಮಾಡಿದ ದೀಪ) ನಿಜಕ್ಕೂ ಸಹಾಯ ಮಾಡುತ್ತದೆ. ಎಲೆಯಿಂದ 20-30 ಸೆಂಟಿಮೀಟರ್ ಮೇಲೆ, ದಿನಕ್ಕೆ 12ರಿಂದ 14 ಗಂಟೆ. ಮಾಮೂಲಿ ಪ್ರಿಮ್‌ರೋಸ್ ಮತ್ತು ಪಾಲಿಆಂಥಸ್‌ಗೆ ಹಗಲಿನ ಉದ್ದದ ಹಟ ಇಲ್ಲ, ಒಟ್ಟು ಸಿಕ್ಕ ಬೆಳಕು ಎಷ್ಟು ಎಂಬುದೇ ಮುಖ್ಯ. ದೀಪ ಹಾಕಿದೆ ಅಂತ ಹೀಟರ್ ಪಕ್ಕ ಮಾತ್ರ ಇಡಬೇಡಿ.

ಈ ಹಂತದಲ್ಲೇ ಗೊಬ್ಬರದ ಮಾತು ಹೇಳಿಬಿಡುತ್ತೇನೆ. ಹೂವಿಲ್ಲ ಅಂತ ಯೂರಿಯಾ ಅಥವಾ ಅಮೋನಿಯಂ ಜಾಸ್ತಿ ಇರುವ ಗೊಬ್ಬರ ಹಾಕಿದರೆ ಎಲೆ ಇನ್ನೂ ದೊಡ್ಡದಾಗುತ್ತದೆ. ಜೊತೆಗೆ ತಣ್ಣನೆ ಮಣ್ಣಿನಲ್ಲಿ ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕೆಲಸ ನಿಧಾನ. ಅಮೋನಿಯಂ ಹಾಗೇ ಉಳಿದು ಬೇರಿಗೆ ತೊಂದರೆ ಕೊಡುತ್ತದೆ. ಚಳಿಗಾಲದಲ್ಲಿ ಕೊಡುವುದೇ ಆದರೆ ನೈಟ್ರೇಟ್ ರೂಪದ ಸಾರಜನಕ, ಪೊಟ್ಯಾಷ್ ಇರುವ ಗೊಬ್ಬರವನ್ನು ಪೊಟ್ಟಣದ ಮೇಲೆ ಬರೆದದ್ದರ ಅರ್ಧ ಪ್ರಮಾಣದಲ್ಲಿ ಕೊಡಿ. ಈ ಗಿಡದ ಬೇರಿಗೆ ಉಪ್ಪಿನಂಶ ಆಗಿಬರುವುದಿಲ್ಲ.

ತೊಟ್ಟು ಉದ್ದ, ಹೂ ಎಲೆಯೊಳಗೆ ಮುಚ್ಚಿಹೋಗಿದೆ

ಇದು ಬಿಸಿ ಹೆಚ್ಚು, ಬೆಳಕು ಕಡಿಮೆ ಎಂಬುದರ ನೇರ ಗುರುತು. ಒಳ್ಳೆಯ ಪ್ರಿಮ್‌ರೋಸ್‌ನಲ್ಲಿ ಎಲೆಗಳು ಕುಂಡದ ಅಂಚಿಗೆ ಒರಗಿ ಚಪ್ಪಟೆಯಾಗಿ ಹರಡಿರುತ್ತವೆ, ಹೂಗಳು ನಡುವೆ ಗುಂಪಾಗಿ ಮೇಲೆ ಕಾಣುತ್ತವೆ. ತಪ್ಪಾದ ಗಿಡದಲ್ಲಿ ಎಲೆಗಳು ನೆಟ್ಟಗೆ ನಿಂತು, ಆಮೇಲೆ ಭಾರಕ್ಕೆ ಹೊರಳುತ್ತವೆ. ಹಳೆಯ ಎಲೆಯ ತೊಟ್ಟನ್ನೂ ಹೊಸ ಎಲೆಯ ತೊಟ್ಟನ್ನೂ ಪಕ್ಕಪಕ್ಕ ಹಿಡಿದು ನೋಡಿ. ಅಂಗಡಿಯಿಂದ ಬಂದಾಗಿನ ಎಲೆ ಗಿಡ್ಡ, ನಿಮ್ಮ ಮನೆಗೆ ಬಂದ ಮೇಲೆ ಹುಟ್ಟಿದ್ದು ಉದ್ದ ಎಂದರೆ ತಪ್ಪು ನಿಮ್ಮ ಮನೆಯ ಜಾಗದ್ದು. ಎಲ್ಲವೂ ಉದ್ದವಾಗಿಯೇ ಇದ್ದರೆ ಅಂಗಡಿಗೆ ಬರುವ ಮುಂಚೆಯೇ ಅದು ಬಿಸಿಯಲ್ಲಿ ಬೆಳೆದಿದೆ.

ರಾತ್ರಿಯ ತಾಪಮಾನ ಮೊದಲು ಇಳಿಸಿ. ಹಗಲು ನೀವು ಕೂತ ಕೋಣೆಯಲ್ಲಿ ಹೂ ನೋಡಬೇಕು ಅನಿಸುವುದು ಸಹಜ. ಹಾಗಿದ್ದರೆ ಸಂಜೆ ಮೇಲೆ ಹೀಟರ್ ಇಲ್ಲದ ಪೋರ್ಚ್‌ಗೋ, ಮೆಟ್ಟಿಲ ಬಳಿಯ ಕಿಟಕಿಗೋ ಒಯ್ದಿಡಿ. ರಾತ್ರಿ 5-8 ಡಿಗ್ರಿ ಸಿಕ್ಕರೆ ದೊಡ್ಡ ವ್ಯತ್ಯಾಸ ಕಾಣುತ್ತದೆ. ಉದ್ದವಾದ ತೊಟ್ಟು ಮತ್ತೆ ಗಿಡ್ಡ ಆಗುವುದಿಲ್ಲ, ಅದಕ್ಕೆ ಕಾಯಬೇಡಿ. ನಡುವಿನಿಂದ ಹೊಸದಾಗಿ ಬರುವ ಎಲೆಯನ್ನು ಮಾತ್ರ ನೋಡಿ. ಎರಡು ಮೂರು ವಾರದಲ್ಲಿ ಅದು ಗಿಡ್ಡ ತೊಟ್ಟಿನಲ್ಲಿ, ಕಡು ಹಸಿರಾಗಿ ಬಂದರೆ ಜಾಗ ಸರಿಯಾಗಿದೆ.

ಒಂದು ಎಚ್ಚರಿಕೆ. ಕುಂಡಗಳನ್ನು ಎಲೆಗೆ ಎಲೆ ತಾಗುವ ಹಾಗೆ ಒತ್ತೊತ್ತಾಗಿ ಇಟ್ಟರೂ ಹೀಗೇ ಆಗುತ್ತದೆ. ಪಕ್ಕದ ಎಲೆಯ ಮೂಲಕ ಸೋಸಿ ಬಂದ ಬೆಳಕಿನಲ್ಲಿ ದೂರ-ಕೆಂಪು, ಅಂದರೆ ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಕೆಂಪಿನಾಚೆಯ ಬೆಳಕಿನ ಪಾಲು ಹೆಚ್ಚು. ಗಿಡಕ್ಕೆ ಅದು ಪೈಪೋಟಿಯ ಸೂಚನೆ, ಮೇಲೆ ಚಾಚುತ್ತದೆ. ನಡುವೆ ಅಂತರ ಬಿಡಿ.

ಬಣ್ಣ ಪೇಲವ, ಹೂ ಚಿಕ್ಕದು, ಬೇಗ ಉದುರುತ್ತದೆ

ಮೊಗ್ಗು ಬಲಿಯುವ ದಿನಗಳಲ್ಲಿ ಬಿಸಿ ಜಾಸ್ತಿ ಇತ್ತು ಎಂದರ್ಥ. 10-13 ಡಿಗ್ರಿಯಲ್ಲಿ ಅರಳಿದ ಹೂ ದೊಡ್ಡದು, ಬಣ್ಣ ಗಾಢ, ಬಾಳಿಕೆಯೂ ಹೆಚ್ಚು. 18 ದಾಟಿದರೆ ಅದೇ ಗಿಡದ ಹೂ ಸಣಕಲಾಗಿ ಬರುತ್ತದೆ.

ಬಿಸಿಗೂ ಬಣ್ಣಕ್ಕೂ ಇರುವ ನಂಟಿಗೆ ಇದೇ ಕುಟುಂಬದಲ್ಲಿ ಬಹಳ ಸೊಗಸಾದ ಸಾಕ್ಷಿ ಇದೆ. ಚೀನಾದ ಪ್ರಿಮುಲಾ ಸೈನೆನ್ಸಿಸ್‌ನಲ್ಲಿ ಒಂದು ಕೆಂಪು ತಳಿ. ಸುಮಾರು 20 ಡಿಗ್ರಿಯಲ್ಲಿ ಬೆಳೆದರೆ ಕೆಂಪು ಹೂ, 30 ಡಿಗ್ರಿಯ ಆಸುಪಾಸಿನಲ್ಲಿ ಬೆಳೆದರೆ ಬಿಳಿ ಹೂ. ಜರ್ಮನಿಯ ತಳಿವಿಜ್ಞಾನಿ ಎರ್ವಿನ್ ಬೌರ್ ಇದನ್ನು ವಿವರಿಸಿದರು. ಬಿಳಿ ಹೂ ಬಿಟ್ಟ ಗಿಡವನ್ನು ತಣ್ಣನೆ ಜಾಗಕ್ಕೆ ತಂದರೆ ಆಗಲೇ ಅರಳಿದ ಹೂ ಬಿಳಿಯಾಗಿಯೇ ಉಳಿಯುತ್ತದೆ, ಆಮೇಲೆ ಬರುವವು ಕೆಂಪು. ಪರಂಪರೆಯಾಗಿ ಬರುವುದು ಬಣ್ಣವಲ್ಲ, ಇಂಥ ಬಿಸಿಯಲ್ಲಿ ಇಂಥ ಬಣ್ಣ ಮಾಡುವ ಗುಣ ಎಂದು ತೋರಿಸಲು ತಳಿವಿಜ್ಞಾನದ ಪಾಠಗಳಲ್ಲಿ ಇವತ್ತಿಗೂ ಈ ಉದಾಹರಣೆ ಬರುತ್ತದೆ. ನಮ್ಮ ಕುಂಡದ ಪ್ರಿಮ್‌ರೋಸ್ ಅಷ್ಟು ನಾಟಕೀಯವಾಗಿ ಬದಲಾಗುವುದಿಲ್ಲ. ಆದರೂ ತಿಳಿಯಬೇಕಾದದ್ದು ಇಲ್ಲಿದೆ: ಇವತ್ತು ಅರಳಿದ ಹೂವಿನ ಬಣ್ಣ ಇವತ್ತಿನ ತಾಪಮಾನದ್ದಲ್ಲ, ಅದು ಮೊಗ್ಗಾಗಿದ್ದಾಗಿನದು. ಜಾಗ ಬದಲಿಸಿದ ಮೇಲೆ ಫಲ ನೋಡಲು ಮುಂದಿನ ಸುತ್ತಿನ ಹೂವಿಗೆ ಕಾಯಬೇಕು.

ಬಾಡಿದ ಹೂವನ್ನು ತೊಟ್ಟಿನ ಸಮೇತ ಚಿವುಟಿ ತೆಗೆಯಿರಿ. ಬೀಜ ಕಟ್ಟಲು ಬಿಟ್ಟರೆ ಉಳಿದ ಮೊಗ್ಗಿಗೆ ಶಕ್ತಿ ಸಾಲದು.

ಎಲೆ ಹಳದಿ

ಹೊಸ ಎಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣ ಸಿಗುತ್ತಿಲ್ಲ. ಕುಂಡದಲ್ಲಿ ಕಬ್ಬಿಣ ಇಲ್ಲದೇ ಅಲ್ಲ. ಮಣ್ಣು ತೀರಾ ತಣ್ಣಗೆ, ಒದ್ದೆಯಾಗಿ ಇದ್ದು ಬೇರು ಅದನ್ನು ಎಳೆದುಕೊಳ್ಳುತ್ತಿಲ್ಲ, ಅಥವಾ ನೀರು ಗಡಸಾಗಿ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿದೆ. ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ನಲ್ಲಿ ನೀರು ಸುಣ್ಣದ ನೀರು. ಕೆಟಲ್ ತಳ ನೋಡಿದರೆ ಗೊತ್ತಾಗುತ್ತದೆ. ಪ್ರಿಮ್‌ರೋಸ್‌ಗೆ ಪಿಎಚ್ 5.5ರಿಂದ 6.2 ಇದ್ದರೆ ಹಿತ. ಮಳೆ ನೀರು ಹಿಡಿದು ಹಾಕಿ, ಚಿಲೇಟ್ ಮಾಡಿದ (ಬೇರು ಸುಲಭವಾಗಿ ಹೀರುವ ರೂಪದ) ಕಬ್ಬಿಣ ಒಂದು ಸಲ ಕೊಡಿ, ನೀರಿನ ನಡುವೆ ಮಣ್ಣಿನ ಮೇಲ್ಭಾಗ ಸ್ವಲ್ಪ ಆರಲು ಬಿಡಿ.

ಕೆಳಗಿನ ಹಳೆ ಎಲೆ ಒಂದೆರಡು ಹಳದಿಯಾದರೆ ಕಿತ್ತು ಎಸೆಯಿರಿ, ಅದು ದೋಷವಲ್ಲ.

ಬೂದು ಬೂಸ್ಟು

ತಣ್ಣಗಿಡಿ ಅಂತ ಹೇಳಿದ ಮೇಲೆ ಇದರ ಜವಾಬ್ದಾರಿಯೂ ಹೇಳಲೇಬೇಕು. ತಣ್ಣನೆ, ಗಾಳಿ ಆಡದ, ತೇವದ ಜಾಗದಲ್ಲಿ ಬೊಟ್ರೈಟಿಸ್ ಶಿಲೀಂಧ್ರ ಬರುತ್ತದೆ. ಮೊದಲು ಬಾಡಿದ ಹೂವಿನ ಮೇಲೆ, ಅಲ್ಲಿಂದ ನಡುವಿನ ಮೊಗ್ಗಿಗೆ. ಬೆಳಗ್ಗೆಯೇ ನೀರು ಹಾಕಿ, ಅದೂ ಕೆಳಗಿನ ತಟ್ಟೆಗೆ. ಅರ್ಧ ಗಂಟೆ ಬಿಟ್ಟು ಉಳಿದ ನೀರು ಚೆಲ್ಲಿ. ಗಿಡದ ನಡುವಿಗೆ ನೀರು ಸುರಿಯಬೇಡಿ. ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯನ್ನು ಮನೆಗೆ ಬಂದ ದಿನವೇ ತೆಗೆಯಿರಿ. ನೋಡಲು ಚಂದ ಅಂತ ಅದರಲ್ಲೇ ಬಿಟ್ಟ ಗಿಡಗಳಿಗೇ ಈ ರೋಗ ಬೇಗ ಹತ್ತುತ್ತದೆ.

ಹೊರಗಿಟ್ಟ ಮಾರನೇ ದಿನ ಸತ್ತ ಹಾಗಿದೆ

ಕಾಡಿನ ಪ್ರಿಮ್‌ರೋಸ್ ಬಹಳ ಗಟ್ಟಿ, ಮೈನಸ್ 20ರ ಚಳಿಯನ್ನೂ ತಡೆಯುವಂಥದು. ಆದರೆ ಜನವರಿಯಲ್ಲಿ ಅಂಗಡಿಯಿಂದ ತಂದ ಗಿಡ ಗಾಜಿನ ಮನೆಯಲ್ಲಿ ಬೆಳೆದದ್ದು. ಅದನ್ನು ಹಾಲ್‌ನಿಂದ ನೇರ ಹಿಮಕ್ಕೆ ಇಟ್ಟರೆ ಹೂವಿನ ದಳ ನೀರು ಕುಡಿದ ಕಾಗದದಂತಾಗುತ್ತದೆ, ಎಲೆ ಕಪ್ಪಾಗಿ ಜೋಲುತ್ತದೆ. ಒಂದು ವಾರ ಪೋರ್ಚ್‌ನಲ್ಲೋ, ಗೋಡೆಯ ಆಸರೆಯಲ್ಲೋ ಇಟ್ಟು ಅಭ್ಯಾಸ ಮಾಡಿಸಿ.

ಈಗಾಗಲೇ ಹೊರಗಿದ್ದ ಗಿಡ ಹಿಮ ಬಿದ್ದ ಬೆಳಗ್ಗೆ ನೆಲಕ್ಕೆ ಅಂಟಿಕೊಂಡು ಬಾಡಿದ್ದರೆ ಗಾಬರಿ ಬೇಡ. ಮುಟ್ಟಬೇಡಿ, ಬೆಚ್ಚಗಿನ ನೀರು ಹಾಕಬೇಡಿ. ಮಧ್ಯಾಹ್ನದ ಹೊತ್ತಿಗೆ ಹೆಚ್ಚಿನವು ತಾವಾಗಿ ಎದ್ದು ನಿಲ್ಲುತ್ತವೆ.

ಹಿಮವೂ ಇಲ್ಲ, ಮಣ್ಣೂ ಒದ್ದೆ, ಆದರೂ ಗಿಡ ಒಮ್ಮೆಲೇ ಬಾಡಿತು ಎಂದರೆ ಬೆಳಕು-ತಾಪಮಾನ ಬಿಟ್ಟು ಬೇರು ನೋಡಿ. ಕುಂಡದಿಂದ ಎತ್ತಿದಾಗ ಬಿಳಿ ಮೈ, ಕಂದು ತಲೆಯ, ಕಾಲಿಲ್ಲದ ಹುಳು ಸಿಕ್ಕರೆ ಅದು ವೈನ್ ವೀವಿಲ್ ಎಂಬ ಜೀರುಂಡೆಯ ಮರಿಹುಳು. ಬ್ರಿಟನ್ನಿನ ಕುಂಡಗಳಲ್ಲಿ ಪ್ರಿಮ್‌ರೋಸ್ ಬೇರು ಅದಕ್ಕೆ ಬಹಳ ಇಷ್ಟ.

ಮಲಕಾಯ್ಡಿಸ್ ಮತ್ತು ಆಬ್‌ಕೋನಿಕಾ

ಮಲಕಾಯ್ಡಿಸ್‌ಗೆ ಹಗಲಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಸುಮಾರು 10 ಡಿಗ್ರಿಯಲ್ಲಿ ಇಟ್ಟರೆ ಹಗಲು ಎಷ್ಟೇ ಇರಲಿ ಮೊಗ್ಗು ಕಟ್ಟುತ್ತದೆ. 16-18 ಡಿಗ್ರಿಯಲ್ಲಿ ಇಟ್ಟರೆ ಹಗಲು ಚಿಕ್ಕದಾಗಿದ್ದರೆ ಮಾತ್ರ. ಇನ್ನೂ ಬಿಸಿಯಾದರೆ ಹೂವಿನ ಆಸೆ ಬಿಡಬೇಕು. ಈಗ ನಿಮ್ಮ ಹಾಲ್ ನೆನೆಸಿಕೊಳ್ಳಿ. ಹೊರಗೆ ನಾಲ್ಕು ಗಂಟೆಗೆ ಕತ್ತಲಾಗುತ್ತದೆ, ಒಳಗೆ ರಾತ್ರಿ ಹನ್ನೊಂದರವರೆಗೆ ದೀಪ. ಗಿಡದ ಪಾಲಿಗೆ ಅದು ಉದ್ದ ಹಗಲು, ಜೊತೆಗೆ ಬಿಸಿ. ಹೂ ಬರುವುದಾದರೂ ಹೇಗೆ? ಸಂಜೆ ದೀಪ ಉರಿಯದ ತಣ್ಣನೆ ಕೋಣೆಗೆ ಸಾಗಿಸಿ. ಅದು ಆಗದಿದ್ದರೆ ಸಂಜೆ ಐದಕ್ಕೆ ರಟ್ಟಿನ ಡಬ್ಬ ಕವುಚಿ, ಬೆಳಗ್ಗೆ ಎಂಟಕ್ಕೆ ತೆಗೆಯಿರಿ. ಗ್ರೋ ಲೈಟ್ ಇದ್ದರೆ ಮೊಗ್ಗು ಕಾಣುವವರೆಗೆ 9 ಗಂಟೆ ದಾಟಿಸಬೇಡಿ.

ಆಬ್‌ಕೋನಿಕಾ ಮನೆಯೊಳಗಿನ ಜೀವನಕ್ಕೆ ಹೆಚ್ಚು ಒಗ್ಗುತ್ತದೆ. 15-18 ಡಿಗ್ರಿ ಅದಕ್ಕೆ ಸರಿ, 10ಕ್ಕಿಂತ ಕೆಳಗೆ ಇಟ್ಟರೆ ಎಲೆ ಹಳದಿಯಾಗಿ ನಿಂತುಬಿಡುತ್ತದೆ. ಚಳಿಗಾಲದಲ್ಲಿ ಒಳ್ಳೆ ಬೆಳಕು, ಬೇಸಿಗೆಯಲ್ಲಿ ನೇರ ಬಿಸಿಲಿನಿಂದ ಮರೆ. ಹಳೆಯ ತಳಿಗಳ ರೋಮದಲ್ಲಿ ಪ್ರಿಮಿನ್ ಎಂಬ ವಸ್ತು ಇರುತ್ತದೆ, ಮುಟ್ಟಿದರೆ ಕೆಲವರಿಗೆ ಚರ್ಮ ಕೆಂಪಾಗಿ ತುರಿಕೆ ಏಳುತ್ತದೆ. ಪ್ರಿಮಿನ್ ಇಲ್ಲದ ತಳಿಗಳು ಈಗ ಸಿಗುತ್ತವೆ. ಯಾವುದೆಂದು ಗೊತ್ತಿಲ್ಲದಿದ್ದರೆ ಕೈಗವಸು ಹಾಕಿಕೊಂಡೇ ಮುಟ್ಟಿ, ಮಕ್ಕಳಿರುವ ಮನೆಯಲ್ಲಂತೂ ಖಂಡಿತ.

ಬೀಜ ಮೊಳೆಯುತ್ತಿಲ್ಲ

ಬೀಜ ಕೆಟ್ಟಿದೆ ಅಂತ ನಿರ್ಧರಿಸುವ ಮುಂಚೆ ಟ್ರೇ ಎಲ್ಲಿದೆ ನೋಡಿ. ಟೊಮ್ಯಾಟೊ, ಮೆಣಸಿನಕಾಯಿ ಮೊಳೆಸುವ ಬಿಸಿ ಪ್ಯಾಡ್ ಮೇಲೆ ಇಟ್ಟಿದ್ದರೆ ಅದೇ ಕಾರಣ. ಪ್ರಿಮ್‌ರೋಸ್ ಬೀಜಕ್ಕೆ 15-18 ಡಿಗ್ರಿ ಬೇಕು. 20 ದಾಟಿದರೆ ಮೊಳಕೆ ಕುಸಿಯುತ್ತದೆ. ಬೆಳಕೂ ಬೇಕು, ಹಾಗಾಗಿ ಮಣ್ಣಿನಲ್ಲಿ ಹೂಳಬೇಡಿ. ಮೇಲೆ ಉದುರಿಸಿ, ಬೇಕಿದ್ದರೆ ಕಾಣಿಸೀ ಕಾಣಿಸದ ಹಾಗೆ ವರ್ಮಿಕ್ಯುಲೈಟ್ (ಹಗುರವಾದ ಖನಿಜದ ಹರಳು). ಮೇಲ್ಮೈ ಒಂದು ದಿನವೂ ಒಣಗಬಾರದು. ಮೂರು ನಾಲ್ಕು ವಾರ ಹಿಡಿಯುತ್ತದೆ, ತಾಳ್ಮೆ ಇರಲಿ. ಜುಲೈಯಲ್ಲಿ ಬಿತ್ತುವವರು ಕಿಟಕಿ ಕಟ್ಟೆ ಬಿಟ್ಟು ಉತ್ತರದ ಗೋಡೆಯ ಬುಡದ ನೆರಳಿಗೆ ಟ್ರೇ ಒಯ್ಯಿರಿ.

ಬೆಂಗಳೂರಿನಲ್ಲಿ, ಊಟಿಯಲ್ಲಿ

ಊರಿಗೆ ಹೋಗುವವರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಇಲ್ಲಿಂದ ಬೀಜ ತಗೊಂಡು ಹೋಗೋಣವೇ ಅಂತ. ಬೆಂಗಳೂರಿನ ಜನವರಿ ರಾತ್ರಿ ಸುಮಾರು 15-16 ಡಿಗ್ರಿ, ಹಗಲು 27ರ ಹತ್ತಿರ. ಮಾಮೂಲಿ ಪ್ರಿಮ್‌ರೋಸ್‌ಗೆ ಬೇಕಾದ 10ಕ್ಕಿಂತ ಕೆಳಗಿನ ಆರೇಳು ವಾರ ಅಲ್ಲಿ ಸಿಗುವುದೇ ಇಲ್ಲ. ಗಿಡ ಬದುಕಬಹುದು, ಎಲೆ ಬಿಡಬಹುದು, ಹೂವಿಗೆ ಕಾಯುವುದು ವ್ಯರ್ಥ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ, ಅಲ್ಲೂ ಈ ಮಟ್ಟದ ಚಳಿ ನಿಲ್ಲುವುದಿಲ್ಲ. 2,200 ಮೀಟರ್ ಮೇಲಿರುವ ಊಟಿಯ ಕಥೆ ಬೇರೆ. ಜನವರಿ ರಾತ್ರಿಗಳು 10 ಡಿಗ್ರಿಗಿಂತ ಕೆಳಗೆ ಹೋಗುತ್ತವೆ, ಕೆಲವು ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ, ಹಗಲಿನ ಬಿಸಿಲೂ ಧಾರಾಳ. ಅಲ್ಲಿ ಪ್ರಯತ್ನ ಮಾಡುವುದರಲ್ಲಿ ಅರ್ಥವಿದೆ.

ನಮ್ಮ ದೇಶಕ್ಕೆ ತನ್ನದೇ ಪ್ರಿಮುಲಾಗಳೂ ಇವೆ. ಹಿಮಾಲಯದ ಡೆಂಟಿಕ್ಯುಲೇಟಾ, ನೇರಳೆ ಚೆಂಡಿನಂತೆ ಹೂ ಬಿಡುವುದು, ಹಿಮ ಕರಗುವ ಜಾಗದಲ್ಲೇ ತಲೆ ಎತ್ತುತ್ತದೆ. ಅಷ್ಟು ಬೇಗ ಹೂ ಬರಲು ಕಾರಣ, ಮೊಗ್ಗು ಹಿಂದಿನ ಶರತ್ಕಾಲದಲ್ಲೇ ತಯಾರಾಗಿ ಚಳಿಗಾಲವಿಡೀ ಒಳಗೆ ಮಲಗಿರುತ್ತದೆ. ಇದನ್ನು ಇಂಗ್ಲೆಂಡಿನ ತೋಟಗಳಲ್ಲಿ ಧಾರಾಳವಾಗಿ ಬೆಳೆಸುತ್ತಾರೆ. ಚಳಿಗೆ ಹೆದರಿ ಒಳಗೆ ತಂದರೆ ಇದೂ ಹೂ ಬಿಡುವುದಿಲ್ಲ.

ಬೇಸಿಗೆ

ಮುಂದಿನ ವರ್ಷದ ಹೂವಿನ ದೋಷ ಜಾಸ್ತಿ ಹುಟ್ಟುವುದು ಜೂನ್, ಜುಲೈಯಲ್ಲಿ. 25 ಡಿಗ್ರಿ ದಾಟಿದ ದಿನಗಳಲ್ಲಿ ಪ್ರಿಮ್‌ರೋಸ್ ಬೆಳವಣಿಗೆ ನಿಲ್ಲಿಸುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಕಾದರೆ ಬೇರು ಸಾಯುತ್ತದೆ. ಎಲೆ ಕಮ್ಮಿಯಾದ ಗಿಡ ಅಕ್ಟೋಬರ್ ಚಳಿ ಬಂದಾಗ ಮೊಗ್ಗು ಕಟ್ಟುವ ಸ್ಥಿತಿಯಲ್ಲಿ ಇರುವುದಿಲ್ಲ. ಹೂ ಮುಗಿದ ಕೂಡಲೇ, ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ, ಕುಂಡದಿಂದ ಎತ್ತಿ ಬುಡ ಬಿಡಿಸಿ. ಪ್ರತಿ ಭಾಗಕ್ಕೂ ಬೇರು ಇರಲಿ. ಎಲೆಗೊಬ್ಬರ ಬೆರೆಸಿದ ಮಣ್ಣಿನಲ್ಲಿ, ಎಲೆ ಉದುರಿಸುವ ಮರ ಅಥವಾ ಪೊದೆಯ ಕೆಳಗೆ ನೆಡಿ. ಜಾಗವಿಲ್ಲದಿದ್ದರೆ ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವ ಗೋಡೆಯ ಪಕ್ಕ ತಿಳಿ ಬಣ್ಣದ ಕುಂಡದಲ್ಲಿ ಇಡಿ. ಬಿಸಿಗಾಳಿಯ ವಾರಗಳಲ್ಲಿ ದಿನಾ ಸಂಜೆ ಮಣ್ಣು ಮುಟ್ಟಿ ನೋಡಿ.

ಕೆಲವು ಗಿಡ ಸೆಪ್ಟೆಂಬರ್‌ನ ತಣ್ಣನೆ ರಾತ್ರಿಗಳಿಗೇ ಮೊಗ್ಗು ಕಟ್ಟಿ, ಅಕ್ಟೋಬರ್ ಬೆಚ್ಚಗಿದ್ದರೆ ಆಗಲೇ ಒಂದೆರಡು ಹೂ ಬಿಡುತ್ತವೆ. ಚಿವುಟಬೇಡಿ, ಒಳಗೂ ತರಬೇಡಿ. ಉಳಿದ ಮೊಗ್ಗುಗಳು ಚಳಿಯಲ್ಲಿ ಹಾಗೇ ನಿಂತು ಮಾರ್ಚ್‌ನಲ್ಲಿ ಅರಳುತ್ತವೆ.